ಮೂರು ಗೇಣು ಬಟ್ಟೆ, ಒಂದು ಗೇಣು ಎದೆ

ಹೊನ್ನಾಳಿಯ ಟೈಲರ್ ಅಕ್ಕನ ಮನೆಗೆ ಹೋಗಿದ್ದು ಸೀರೆಗೆ ಫಾಲ್ಸ್ ಹಚ್ಚಿಸಲು. ಕಣ್ಣು ಬಿದ್ದದ್ದು ಮೊಳೆಗೆ ನೇತುಹಾಕಿದ್ದ ಪುಟ್ಟ ಫ್ರಾಕಿನ ಮೇಲೆ. ನಿಂಬೆ ಬಣ್ಣದ ಕಾಟನ್, ಎದೆಯ ತುಂಬ ಜೇನುಹುಟ್ಟಿನ ಕಣ್ಣುಗಳಂಥ ನೆರಿಗೆ. ಎಳೆದರೆ ಹಿಗ್ಗಿತು, ಬಿಟ್ಟರೆ ಕುಗ್ಗಿತು. ಎಲಾಸ್ಟಿಕ್ಕಾ ಅಂದೆ. “ಎಲಾಸ್ಟಿಕ್ ಎಲ್ಲೈತ್ರೀ, ಬರೀ ದಾರ. ಸ್ಮಾಕಿಂಗು” ಎಂದು ನಕ್ಕರು. ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕಂತೆ.

ನನಗೆ ಹುಚ್ಚು ಹಿಡಿಸಿದ್ದು ಚುಕ್ಕಿ. ನೆರಿಗೆ ಸಮನಾಗಲು ಬಟ್ಟೆಯ ಹಿಂಬದಿ ಸಾಲುಸಾಲು ಚುಕ್ಕಿ ಬೇಕು. ಅಕ್ಕ ಟ್ರೇಸಿಂಗ್ ಹಾಳೆಗೆ ಸೂಜಿಯಲ್ಲಿ ತೂತು ಚುಚ್ಚಿಟ್ಟುಕೊಂಡಿದ್ದಾರೆ. ಅದನ್ನು ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಅರಿವೆ ಉಂಡೆಯಿಂದ ಸವರುತ್ತಾರೆ. ಥೇಟ್ ರಂಗೋಲಿ ಚುಕ್ಕಿ! ಇಲ್ಲಿನದು ಒಗೆದರೆ ಹೋಗುತ್ತದೆ, ಅಷ್ಟೇ. ಸೀಮೆಎಣ್ಣೆ ಸಿಗದ ಕಾಲಕ್ಕೆ? “ಚೆಕ್ಸ್ ಬಟ್ಟೆ ತಗೊಂಡ್ರೆ ಆಯ್ತು, ಚೌಕದ ಮೂಲೇನೇ ಚುಕ್ಕಿ.” ಚುಕ್ಕಿ ಮಾತಿನಲ್ಲೇ ಗಂಟೆ ಕಳೆಯಿತು. ಫಾಲ್ಸ್ ಮರೆತೇಹೋಯಿತು.

ಚುಕ್ಕಿಯಿಂದ ಚುಕ್ಕಿಗೆ ದಾರ ಪೋಣಿಸಿ ಎಳೆದರೆ ಮೂರು ಗೇಣು ಬಟ್ಟೆ ಒಂದು ಗೇಣಿಗೆ ಮುದುಡುತ್ತದೆ. ಆಮೇಲೆ ಮುಂಬದಿಯಲ್ಲಿ ಎರಡೆರಡು ನೆರಿಗೆಯ ತುದಿ ಕೂಡಿಸಿ ಕಸೂತಿ ದಾರದ ಹೊಲಿಗೆ. ಅದು ಮುಗಿದ ಮೇಲೆಯೇ ಪೋಣಿಸಿದ ದಾರ ಕೀಳಬೇಕು. ಅವಸರಪಟ್ಟರೆ ನೆರಿಗೆಯೆಲ್ಲ ಬಿಚ್ಚಿಹೋಗುತ್ತದೆ.

18–19ನೇ ಶತಮಾನದ ಇಂಗ್ಲೆಂಡಿನ ಕುರುಬರು, ಗಾಡಿ ಹೊಡೆಯುವವರು ತೊಡುತ್ತಿದ್ದ ದೊಗಳೆ ಅಂಗಿಯ ಉಪಾಯವಿದು. ಆಮೇಲೆ ಮಕ್ಕಳ ಉಡುಪಿಗೆ ಇಳಿಯಿತು. ನಮ್ಮಲ್ಲಿ ಟೈಲರಿಂಗ್ ತರಗತಿಯ ಪಾಠವಾಗಿ ಉಳಿದಿದೆ. ಈ ಸೀಮೆಯದೇ ಸೂಜಿ ಕೆಲಸ ನೋಡಬೇಕೆಂದರೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ, ಸಂತ ಸೇವಾಲಾಲರು ಹುಟ್ಟಿದ ಜಾಗಕ್ಕೆ, ಫೆಬ್ರುವರಿಯ ಜಯಂತಿಗೆ ಹೋಗಿ. ಲಂಬಾಣಿ ಹೆಣ್ಣುಮಕ್ಕಳ ಪೇಟಿಯಾ ಲಂಗದಲ್ಲಿ ಕನ್ನಡಿ ಝಗಝಗಿಸುತ್ತದೆ. ನನಗೂ ಅದರ ಮೇಲೆ ಮೋಹವಿದೆ. ಆದರೆ ಎಳೆಗೂಸಿನ ಎದೆಗೆ ಕನ್ನಡಿ ಒತ್ತುತ್ತದೆ, ದಾರ ಒತ್ತುವುದಿಲ್ಲ.

ಚನ್ನಗಿರಿಯಿಂದ ಜಗಳೂರಿನವರೆಗೆ ಯಾವ ಅಂಗಡಿಯ ರೆಡಿಮೇಡ್ ಫ್ರಾಕಿನಲ್ಲೂ ಇಂಥದೇ ನೆರಿಗೆ ಕಾಣುತ್ತದೆ. ಒಳಗೆ ತಿರುಗಿಸಿ ನೋಡಿ: ಬಹುಪಾಲು ಎಲಾಸ್ಟಿಕ್ ದಾರದ ಮಶೀನ್ ಹೊಲಿಗೆ. ಒಗೆದೊಗೆದು ಅದು ಜೋಲುತ್ತದೆ. ಕೈಯದು ಹಾಗಲ್ಲ, ಮಗುವಿನ ಎದೆ ಅಗಲವಾದಷ್ಟೂ ತಾನೂ ಜಾಗ ಬಿಡುತ್ತದೆ.

ಆ ಒಂದು ಫ್ರಾಕಿಗೆ ಅಕ್ಕ ಒಂದು ವಾರದ ಸಂಜೆಗಳನ್ನು ಕೊಟ್ಟಿದ್ದಾರೆ. ನಿಮ್ಮೂರಲ್ಲಿ ಸ್ಮಾಕಿಂಗ್ ಬಲ್ಲವರು ಸಿಕ್ಕರೆ ಹೊಲಿಸಿ. ಬ್ಲೌಸಿನ ರೇಟು ಹೇಳಿ ಚೌಕಾಸಿ ಮಾತ್ರ ಮಾಡಬೇಡಿ.