ಯುದ್ಧಾನಂತರದಲ್ಲಿ ಬರ್ಮಾ ದೇಶದ ಅಕ್ಕಿ

ಎರಡನೆಯ ಮಹಾಯುದ್ಧಕ್ಕೆ ಮೊದಲು ಬರ್ಮಾ ದೇಶವು ಪ್ರತಿವರ್ಷವೂ ಸುಮಾರು 30 ಲಕ್ಷ ಟನ್ನು ಅಕ್ಕಿಯನ್ನು ಹೊರಗೆ ಕಳುಹಿಸುತ್ತಿದ್ದಿತು. ಅದರಲ್ಲಿ ಹೆಚ್ಚುಕಡಿಮೆ ಅರ್ಧವು ಇಂಡಿಯಾಕ್ಕೆ ಬರುತ್ತಿದ್ದಿತು. ಇಂಡಿಯಾದ ಒಟ್ಟು ಬೆಳೆಯೊಡನೆ ಹೋಲಿಸಿದರೆ ಇದು ಅಲ್ಪವೇ ಸರಿ. ಆದರೆ ಬೆಳೆದುದರಲ್ಲಿ ಬಹುಪಾಲು ರೈತರ ಮನೆಯಲ್ಲಿಯೇ ಉಳಿಯುವ ದೇಶದಲ್ಲಿ ಪೇಟೆಯ ಧಾರಣೆಯನ್ನು ನಿರ್ಣಯಿಸುವುದು ಪೇಟೆಗೆ ಬರುವ ಸ್ವಲ್ಪ ಧಾನ್ಯವೇ. ತಿರುವಾಂಕೂರು, ಕೊಚ್ಚಿ, ಮಲಬಾರು ಪ್ರಾಂತಗಳ ಜನರಂತೂ ರಂಗೂನಿನ ಅಕ್ಕಿಯನ್ನೇ ಬಹುಮಟ್ಟಿಗೆ ನೆಚ್ಚಿಕೊಂಡಿದ್ದರು.

1942ನೆಯ ಮಾರ್ಚಿಯಲ್ಲಿ ಜಪಾನೀಯರು ರಂಗೂನನ್ನು ಹಿಡಿದೊಡನೆ ಈ ಅಕ್ಕಿಯು ನಿಂತುಹೋಯಿತು. ಮೈಸೂರು ಸಂಸ್ಥಾನದ ರಾಗಿಯುಣ್ಣುವ ಗ್ರಾಮಗಳಿಗೆ ರಂಗೂನು ದೂರದ ಹೆಸರಾಗಿದ್ದರೂ, ಮುಂದೆ ಪಟ್ಟಣಗಳಲ್ಲಿ ಪಡಿತರವೂ ಹಳ್ಳಿಗಳಲ್ಲಿ ಧಾನ್ಯದ ವಸೂಲಿಯೂ ಜಾರಿಗೆ ಬಂದುದಕ್ಕೆ ಈ ಕೊರತೆಯೂ ಒಂದು ಕಾರಣ.

ಯುದ್ಧವು ಮುಗಿದರೆ ಹಡಗುಗಳು ಮೊದಲಿನಂತೆ ಬರುವುವೆಂದು ಅನೇಕರು ಎಣಿಸಿದ್ದರು. ಹಾಗಾಗಲಿಲ್ಲ. ಬರ್ಮಾದಲ್ಲಿ ಯುದ್ಧಕ್ಕೆ ಮೊದಲು ಸುಮಾರು 125 ಲಕ್ಷ ಎಕರೆಗಳಲ್ಲಿ ನಡೆಯುತ್ತಿದ್ದ ಭತ್ತದ ಸಾಗುವಳಿಯು 1945-46ರ ವೇಳೆಗೆ ಸರಿಸುಮಾರು ಅರ್ಧಕ್ಕೆ ಇಳಿದಿದ್ದಿತು. ಕೊಳ್ಳುವವರಿಲ್ಲದ ವರ್ಷಗಳಲ್ಲಿ ರೈತರು ತಮಗೆ ಬೇಕಾದಷ್ಟನ್ನೇ ಬೆಳೆದಿದ್ದರು. ಉಳಿದ ಗದ್ದೆಗಳಲ್ಲಿ ಬದುಗಳೊಡೆದು ಜೊಂಡು ಬೆಳೆದಿದ್ದಿತು. ಉಳುವ ಎತ್ತುಗಳು ಅಪಾರವಾಗಿ ನಷ್ಟವಾಗಿದ್ದವು. ಸಾಲ ಕೊಡುತ್ತಿದ್ದ ಚೆಟ್ಟಿಯಾರರಲ್ಲಿಯೂ, ಕೊಯಿಲಿಗೆ ಬರುತ್ತಿದ್ದ ಇಂಡಿಯಾದ ಕೂಲಿಗಾರರಲ್ಲಿಯೂ ಅನೇಕರು ದೇಶ ಬಿಟ್ಟಿದ್ದರು. ಬೀಳುಬಿದ್ದ ಗದ್ದೆಯನ್ನು ಮತ್ತೆ ಹಸನುಮಾಡುವ ಕಷ್ಟವನ್ನು ಜಮೀನುದಾರರಿಗೆ ವಿವರಿಸಬೇಕಾಗಿಲ್ಲ.

ಧಾರಣೆಯ ವಿಷಯವು ಇನ್ನೂ ಗಮನಾರ್ಹವಾದುದು. ಅಲ್ಲಿನ ಸರ್ಕಾರದ ಮಂಡಲಿಯು ಭತ್ತವನ್ನು ಗೊತ್ತಾದ ಕಡಮೆ ಬೆಲೆಗೆ ಕೊಂಡು ಹೊರದೇಶಗಳಿಗೆ ಅಧಿಕ ಬೆಲೆಗೆ ಮಾರುತ್ತಿದ್ದಿತು. ಈ ಲಾಭವು ಬೊಕ್ಕಸಕ್ಕೆ ಸೇರಿತು, ಬೇಸಾಯಗಾರನಿಗೆ ಸೇರಲಿಲ್ಲ; ಹೆಚ್ಚು ಬೆಳೆಯಬೇಕೆಂಬ ಉತ್ಸಾಹವೂ ಅದೇ ಪ್ರಮಾಣದಲ್ಲಿ ಕುಗ್ಗಿತು. 1948ರಲ್ಲಿ ಸ್ವಾತಂತ್ರ್ಯವು ಬಂದ ಬೆನ್ನಿಗೇ ಎದ್ದ ಒಳದಂಗೆಗಳಿಂದ ನದಿಗಳಲ್ಲಿಯೂ ರೈಲುಗಳಲ್ಲಿಯೂ ಸಾಗಾಣಿಕೆಗೆ ಅಡ್ಡಿಯಾಯಿತು. ಸಿಕ್ಕಿದಷ್ಟು ಅಕ್ಕಿಗೂ ಸಿಂಹಳ, ಮಲಯ ಮೊದಲಾದ ದೇಶಗಳು ಇಂಡಿಯಾದೊಡನೆ ಕೈಯೊಡ್ಡಿ ನಿಂತಿದ್ದವು. 1946ರಿಂದ ಕೆಲಕಾಲ ಇದನ್ನು ಅಂತರರಾಷ್ಟ್ರೀಯ ತುರ್ತು ಆಹಾರ ಸಮಿತಿಯು ಪಾಲುಮಾಡಿ ಹಂಚುತ್ತಿದ್ದಿತು.

1954ರಲ್ಲಿ ಇಂಡಿಯಾ ಸರ್ಕಾರವು ಟನ್ನಿಗೆ 48 ಪೌಂಡಿನಂತೆ 9 ಲಕ್ಷ ಟನ್ನು ಅಕ್ಕಿಗೆ ಬರ್ಮಾದೊಡನೆ ಒಪ್ಪಂದ ಮಾಡಿಕೊಂಡಿತು. ವಿನೋದವೇನೆಂದರೆ, ಆ ವೇಳೆಗೆ ಇಂಡಿಯಾದಲ್ಲಿಯೇ ಮಳೆಬೆಳೆಗಳು ಅನುಕೂಲವಾಗಿದ್ದವು. ಅದೇ ವರ್ಷದ ಜುಲೈಯಲ್ಲಿ ಅಕ್ಕಿಯ ಮೇಲಿನ ಹತೋಟಿಯನ್ನು ತೆಗೆದುಹಾಕಲಾಯಿತು.