ಎಳೆಯ ಮಕ್ಕಳಿರುವ ಮನೆಯಲ್ಲಿ ಅಡುಗೆಯ ಸಂತೋಷ

ಗೃಹಕೃತ್ಯಗಳಲ್ಲಿ ಅಡುಗೆಯಷ್ಟು ನಿತ್ಯವೂ ಅನಿವಾರ್ಯವೂ ಆದ ಕೆಲಸ ಮತ್ತೊಂದಿಲ್ಲ. ಕೈಗೂಸೋ ಎರಡು ಮೂರು ವರ್ಷದ ಮಗುವೋ ಇರುವ ಮನೆಯಲ್ಲಿ ಈ ಕೆಲಸ ಬಹುಬೇಗ ಭಾರವಾಗಿ ಪರಿಣಮಿಸುತ್ತದೆ. ಒಲೆಯ ಮೇಲೆ ಪಲ್ಯ, ಸೊಂಟದ ಮೇಲೆ ಕೂಸು. ಬಡಿಸಿದಾಗ ಮಗು ಬಾಯಿ ಬಿಗಿದು ಮುಖ ತಿರುಗಿಸುತ್ತದೆ. ಅವಿಭಕ್ತ ಕುಟುಂಬದಲ್ಲಿ ಅತ್ತೆ, ನಾದಿನಿ, ನೆಗೆಣ್ಣಿಯರು ಈ ಶ್ರಮವನ್ನು ಹಂಚಿಕೊಳ್ಳುತ್ತಿದ್ದರು. ಇಂದು ಅನೇಕ ಮನೆಗಳಲ್ಲಿ ತಾಯಿಯೊಬ್ಬಳೇ, ಅದೂ ಹೊರಗಿನ ದುಡಿಮೆಯಿಂದ ದಣಿದು ಬಂದ ಮೇಲೆ, ಒಲೆಯ ಮುಂದೆ ನಿಲ್ಲಬೇಕಾಗಿದೆ. ಇಂಥ ಸ್ಥಿತಿಯಲ್ಲಿ ಅಡುಗೆಯ ಸಂತೋಷವನ್ನು ಕುರಿತು ಹೇಳುವುದು ವಿಚಿತ್ರವೆನಿಸಬಹುದು. ಆದರೆ ಆ ಸಂತೋಷ ಏಕೆ ಮಾಯವಾಗುತ್ತದೆ ಎಂಬುದನ್ನು ಅರಿತರೆ ಅದನ್ನು ಮರಳಿ ಪಡೆಯುವ ಮಾರ್ಗವೂ ತಿಳಿಯುತ್ತದೆ.

ಮಗು ತಟ್ಟೆಯಲ್ಲಿ ಎಷ್ಟು ಉಳಿಸಿತು ಎಂಬುದರಿಂದಲೇ ತಾಯಿ ತನ್ನ ಅಡುಗೆಯನ್ನು ಅಳೆಯತೊಡಗುವುದು ಇದಕ್ಕೆ ಮುಖ್ಯ ಕಾರಣ. ಹುಟ್ಟುವಾಗ ಸುಮಾರು 3 ಕಿಲೋ ಇದ್ದ ಮಗು ಒಂದು ವರ್ಷಕ್ಕೆ ಸುಮಾರು 9 ಕಿಲೋ ಆಗುತ್ತದೆ. ಎರಡನೆಯ ವರ್ಷದಲ್ಲಿಯಾದರೋ ಕೂಡುವುದು 2ರಿಂದ 2.5 ಕಿಲೋ ಮಾತ್ರ. ಬೆಳವಣಿಗೆಯ ವೇಗ ತಗ್ಗಿದಾಗ ಹಸಿವೂ ತಗ್ಗುವುದು ಸಹಜ. ಹೊಸ ರುಚಿಯನ್ನು ಮಗು ಒಪ್ಪಿಕೊಳ್ಳಬೇಕಾದರೆ ಅದನ್ನು ಎಂಟು ಹತ್ತು ಬಾರಿ, ಕೆಲವೊಮ್ಮೆ ಇನ್ನೂ ಹೆಚ್ಚು ಬಾರಿ ಮುಂದಿಡಬೇಕಾಗುತ್ತದೆ. ಮೊದಲ ನಿರಾಕರಣೆ ಅಡುಗೆಯ ಸೋಲಲ್ಲ. ಏನನ್ನು, ಯಾವಾಗ ಬಡಿಸಬೇಕೆಂಬುದು ಹಿರಿಯರ ಹೊಣೆ, ಎಷ್ಟು ತಿನ್ನಬೇಕೆಂಬುದು ಮಗುವಿನ ಹೊಣೆ ಎಂದು ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಪ್ರತಿಪಾದಿಸಿದ್ದಾರೆ. ಆರೋಗ್ಯವಂತ ಮಗುವಿನ ವಿಷಯದಲ್ಲಿ ಈ ವಿಭಜನೆ ಒತ್ತಾಯ, ಅಳು, ಬೈಗುಳಗಳಿಂದ ಊಟದ ಹೊತ್ತನ್ನು ಕಾಪಾಡುತ್ತದೆ. ತೂಕ ಏರದಿದ್ದರೆ ಅಥವಾ ಇಳಿಯುತ್ತಿದ್ದರೆ ಮಾತ್ರ ವೈದ್ಯರನ್ನು ಕಾಣತಕ್ಕದ್ದು.

ಎರಡನೆಯ ಮಾರ್ಗವೆಂದರೆ ಮಗುವನ್ನು ಅಡುಗೆಯಿಂದ ದೂರವಿಡದೆ ಅದರಲ್ಲಿ ಸೇರಿಸಿಕೊಳ್ಳುವುದು. ಉತ್ತರ ಕರ್ನಾಟಕದ ಜೋಳದ ರೊಟ್ಟಿಯನ್ನೇ ನೋಡಬಹುದು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಆದುದರಿಂದಲೇ ಹಿಟ್ಟಿಗೆ ಕುದಿಯುವ ಎಸರನ್ನು ಹಾಕುತ್ತಾರೆ. ಬಿಸಿನೀರಿನಲ್ಲಿ ಪಿಷ್ಟವು ಉಬ್ಬಿ ಅಂಟಾಗಿ, ಹಿಟ್ಟು ಒಡೆಯದೆ ಬಡಿಯಲು ಬರುತ್ತದೆ. ಎಸರು ಹಿರಿಯರ ಕೈಯಲ್ಲೇ ಇರಲಿ. ಆರಿದ ಹಿಟ್ಟಿನ ಪುಟ್ಟ ಉಂಡೆಯೊಂದು ಮಗುವಿಗೆ ದೊರೆತರೆ, ಅದು ತನಗೆ ತೋಚಿದ ಆಕಾರದಲ್ಲಿ ಬಡಿದ ರೊಟ್ಟಿಯೂ ತಾಯಿಯ ಕೈಯಿಂದ ಹಂಚನ್ನೇರುತ್ತದೆ. ತಾನೇ ಬಡಿದ ರೊಟ್ಟಿಯನ್ನು ಬೇಡವೆನ್ನುವ ಮಕ್ಕಳು ಕಡಿಮೆ. ಎರಡು ವರ್ಷದ ಮಗು ಮೆಂತ್ಯದ ಎಲೆ ಬಿಡಿಸಬಲ್ಲದು. ನಾಲ್ಕು ವರ್ಷದ್ದು ಅವರೆಕಾಯಿ ಸುಲಿದು ಕಾಳು, ಸಿಪ್ಪೆಗಳನ್ನು ಬೇರ್ಪಡಿಸಬಲ್ಲದು. ಕೆಲಸ ತುಸು ನಿಧಾನವಾಗುತ್ತದೆ, ನೆಲದ ಮೇಲೆ ಹಿಟ್ಟು ಚೆಲ್ಲುತ್ತದೆ. ಆದರೆ ಸೆರಗೆಳೆದು ಅಳುತ್ತಿದ್ದ ಮಗು ಜೊತೆಗಾರನಾದಾಗ ಆ ಹೊತ್ತಿನ ಸ್ವರೂಪವೇ ಬದಲಾಗುತ್ತದೆ. ಉರಿ, ಕುಕ್ಕರು, ಈಳಿಗೆಗಳಿಂದ ಮಗುವನ್ನು ದೂರವಿರಿಸಬೇಕು. ಇಡಿಯ ಶೇಂಗಾಕಾಳು ಗಂಟಲಲ್ಲಿ ಸಿಕ್ಕುವ ಅಪಾಯವಿರುವುದರಿಂದ ಐದು ವರ್ಷದೊಳಗಿನವರಿಗೆ ಕೊಡಬಾರದು.

ಮಗುವಿಗೊಂದು, ಮನೆಮಂದಿಗೊಂದು ಎಂದು ಎರಡು ಅಡುಗೆ ಮಾಡುವ ಅಗತ್ಯವೂ ಇಲ್ಲ. ಆರು ತಿಂಗಳು ತುಂಬಿದ ಮೇಲೆ ತಾಯಿಯ ಹಾಲಿನೊಡನೆ ಮೆದುವಾದ ಆಹಾರ ಆರಂಭವಾಗುತ್ತದೆ. ಬೆಂದ ಬೇಳೆ, ತರಕಾರಿಗಳಿಗೆ ಉಪ್ಪು ಖಾರ ಬೀಳುವ ಮುನ್ನ ಕೂಸಿನ ಪಾಲನ್ನು ತೆಗೆದು ಮಸೆದರೆ ಸಾಕು. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ ಬೆರೆಸದಿರುವುದು ಒಳ್ಳೆಯದು, ಜೇನುತುಪ್ಪವನ್ನಂತೂ ನೆಕ್ಕಿಸಲೇಬಾರದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿನ ಗಂಜಿ ತೆಳುವಾಗಿರುವುದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿದು, ಕೂಸಿಗೆ ಹೆಚ್ಚು ಶಕ್ತಿ ದೊರೆಯುತ್ತದೆ.

ದಣಿದ ದಿನಗಳಿಗೂ ನಮ್ಮ ನಾಡಿನ ಹಿರಿಯರು ದಾರಿ ತೋರಿದ್ದಾರೆ. ಕಡಕ್ ರೊಟ್ಟಿ, ಅಗಸಿ ಮತ್ತು ಗುರೆಳ್ಳಿನ ಚಟ್ನಿಪುಡಿ, ಮೊಸರು ಇದ್ದರೆ ಒಲೆ ಹೊತ್ತಿಸದೆಯೂ ಊಟ ಸಿದ್ಧ. ಅಂಥ ಸಂಜೆ ದೊಡ್ಡ ಅಡುಗೆ ಮಾಡದಿರುವುದು ಸೋಮಾರಿತನವಲ್ಲ. ಮರುದಿನದ ಉತ್ಸಾಹವನ್ನು ಉಳಿಸಿಕೊಳ್ಳುವ ವಿವೇಕ. ಆದರೆ ಇವೆಲ್ಲ ಉಪಾಯಗಳೂ ತಾಯಿಯೊಬ್ಬಳ ಹೆಗಲ ಮೇಲೆಯೇ ಬಿದ್ದರೆ ಸಂತೋಷ ಉಳಿಯಲಾರದು. ತಂದೆ ಕಾಯಿಪಲ್ಯ ಹೆಚ್ಚಿದರೆ, ಪಾತ್ರೆ ತೊಳೆದರೆ, ಒಂದು ಹೊತ್ತಿನ ಅಡುಗೆಯನ್ನು ತಾನೇ ವಹಿಸಿಕೊಂಡರೆ, ಅಡುಗೆ ಮನೆಮಂದಿಯೆಲ್ಲರ ಕೆಲಸವೆಂಬುದನ್ನು ಮಗು ಕಣ್ಣಾರೆ ಕಲಿಯುತ್ತದೆ.

ಅವರೆಕಾಳನ್ನು ಎಣಿಸಿದ, ಪಾವಿನಿಂದ ಅಕ್ಕಿ ಅಳೆದ, ಎಸರು ಕುದಿಯುವುದನ್ನು ಕಂಡು ಕಾರಣ ಕೇಳಿದ ಮಗು ಶಾಲೆಯ ಹೊಸ್ತಿಲನ್ನು ಬರಿಗೈಯಲ್ಲಿ ತುಳಿಯುವುದಿಲ್ಲ. ಲೆಕ್ಕವೂ ವಿಜ್ಞಾನವೂ ಅದಕ್ಕೆ ಮನೆಯಲ್ಲಿಯೇ ಪರಿಚಯವಾಗಿರುತ್ತವೆ. ಪಾಲಕರ ಸಭೆಗಳಲ್ಲಿ ಅಂಕಗಳ ವಿಚಾರದೊಡನೆ ಈ ವಿಷಯವನ್ನೂ ಶಿಕ್ಷಕರು ಪ್ರಸ್ತಾಪಿಸಿದರೆ, ಅನೇಕ ಮನೆಗಳ ಸಂಜೆಯ ಹೊತ್ತು ಹಗುರವಾದೀತು.