ಒಂಬತ್ತು ಪ್ರಶ್ನೆ ಕನ್ನಡದಲ್ಲೂ ಇವೆ

"ಡಿಪ್ರೆಶನ್ ಗಿಪ್ರೆಶನ್ ಎಲ್ಲಾ ಬೆಂಗಳೂರಿನವ್ರಿಗಿ. ಹೊಲದಾಗ ದುಡಿಯೋರಿಗಿ ಅದಕ್ಕೆಲ್ಲಿ ಪುರುಸೊತ್ತು?" ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಈ ಮಾತನ್ನು ಬೇಕಾದಷ್ಟು ಜನ ನಂಬುತ್ತಾರೆ. ಓದಿದವರೂ ನಂಬುತ್ತಾರೆ ಎಂಬುದೇ ಬೇಸರದ ಸಂಗತಿ.

ಆಫ್ರಿಕದ ಜನರ ಬಗ್ಗೆಯೂ ಒಂದು ಕಾಲಕ್ಕೆ ಇಂಥದ್ದೇ ತೀರ್ಪು ಹೊರಬಿದ್ದಿತ್ತು. ಜೆ.ಸಿ. ಕಾರೊಥರ್ಸ್ ಎಂಬ ವಸಾಹತು ಕಾಲದ ವೈದ್ಯ, ಆ ಖಂಡದವರಲ್ಲಿ ಖಿನ್ನತೆ ಅಪರೂಪ ಎಂದು ಬರೆದ. 1953ರಲ್ಲಿ ಅದನ್ನು ಪ್ರಕಟಿಸಿದ್ದು ವಿಶ್ವ ಆರೋಗ್ಯ ಸಂಸ್ಥೆ. ಮುಂದೆ ಸಂಶೋಧಕರು ಜನರ ನುಡಿಯಲ್ಲೇ ಕೂತು ಕೇಳತೊಡಗಿದಾಗ ಆ ವಾದ ನಿಲ್ಲಲಿಲ್ಲ. ಜಿಂಬಾಬ್ವೆಯಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ರೋಗಿಗಳು ತಮ್ಮ ಸಂಕಟವನ್ನು ಹೇಳಿಕೊಳ್ಳುವ ರೀತಿಯನ್ನೇ ಆಧಾರ ಮಾಡಿಕೊಂಡು ಶೋನಾ ಭಾಷೆಯಲ್ಲಿ 14 ಪ್ರಶ್ನೆಗಳನ್ನು ಕಟ್ಟಿದರು. 1997ರಲ್ಲಿ ಅವು ಪ್ರಕಟವಾದವು. ಹರಾರೆಯ ಆರೋಗ್ಯ ಕೇಂದ್ರಗಳ ಅಂಗಳದಲ್ಲಿ ಮರದ ಬೆಂಚಿನ ಮೇಲೆ ಕೂತು ಅದೇ ಪ್ರಶ್ನೆಗಳನ್ನು ಕೇಳಿ, ಸಮಾಧಾನದಿಂದ ಆಲಿಸುವವರು ತರಬೇತಿ ಪಡೆದ ಅಜ್ಜಿಯರು.

ನಮ್ಮಲ್ಲೂ ರೋಗವಿದೆ, ಹೇಳಿಕೊಂಡು ಬರುವವರು ಕಡಿಮೆ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆಯಿಂದ ಬಳಲುವ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಹಳ್ಳಿಯಲ್ಲಿ ಮನೋರೋಗದ ಆರೈಕೆ ಸಾಧ್ಯವಿಲ್ಲ ಎನ್ನುವವರು ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಾಕು. ಆಚೆ ದಡದ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲೇ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಇದನ್ನು ಮಾಡಿ ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ.

ಇನ್ನೊಂದು ನಂಬಿಕೆ: ಇಂಥ ಪ್ರಶ್ನಾವಳಿಗಳೆಲ್ಲ ಇಂಗ್ಲಿಷಿನಲ್ಲಷ್ಟೇ ಇವೆ, ದುಡ್ಡು ಕೊಟ್ಟು ತರಬೇಕು ಎಂಬುದು. ಎರಡೂ ತಪ್ಪು. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆಯನ್ನು ರೂಪಿಸಿದವರು ಅಮೆರಿಕದ ರಾಬರ್ಟ್ ಸ್ಪಿಟ್ಜರ್, ಜಾನೆಟ್ ವಿಲಿಯಮ್ಸ್, ಕರ್ಟ್ ಕ್ರೊಯೆಂಕೆ. ಫೈಜರ್ ಕಂಪನಿಯ ನೆರವಿನಿಂದ ತಯಾರಾದ ಇದನ್ನು ಅಚ್ಚು ಹಾಕಲು, ಅನುವಾದಿಸಲು ಅನುಮತಿಯೂ ಬೇಡ, ಶುಲ್ಕವೂ ಇಲ್ಲ. ಅಮ್ಹಾರಿಕ್, ಸ್ವಾಹಿಲಿ, ಜುಲು, ಶೋನಾ ಭಾಷೆಗಳಲ್ಲಿರುವಂತೆ ಕನ್ನಡ, ತೆಲುಗು, ಬಂಗಾಳಿಗಳಲ್ಲೂ ಇದು ಸಿಗುತ್ತದೆ. ಇದರ ಮೊದಲೆರಡು ಪ್ರಶ್ನೆಗಳಂತೂ ಆಶಾ ಕಾರ್ಯಕರ್ತೆಯರ ಚೀಲಕ್ಕೇ ಬಂದಿವೆ. ಮೂವತ್ತು ದಾಟಿದವರ ಬಿಪಿ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಅಪಾಯ ಅಳೆಯಲು ಮನೆಮನೆಯಲ್ಲಿ ತುಂಬುವ ಸಿ-ಬ್ಯಾಕ್ ಫಾರಮ್ಮಿನ ಕೊನೆಯ ಭಾಗದಲ್ಲಿ ಅವೆರಡೂ ಇವೆ: ಕಳೆದ ಎರಡು ವಾರದಲ್ಲಿ ಕೆಲಸದಲ್ಲಿ ಆಸಕ್ತಿ ತಗ್ಗಿದೆಯೇ? ಮನಸ್ಸು ಕುಗ್ಗಿದೆಯೇ? ಒಟ್ಟು ಅಂಕ ಮೂರು ಮೀರಿದರೆ ಸಮುದಾಯ ಆರೋಗ್ಯ ಅಧಿಕಾರಿ ಅಥವಾ ವೈದ್ಯರ ಬಳಿ ಕಳಿಸಬೇಕು.

ಹಾಗಾದರೆ ಕನ್ನಡದ ಹಾಳೆ ಬಂತು, ಕೆಲಸ ಮುಗಿಯಿತೇ? ಇಲ್ಲಿಯೇ ಅತ್ಯಂತ ಗಟ್ಟಿಯಾದ ತಪ್ಪು ಕಲ್ಪನೆ ಕೂತಿದೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಓದುಬರಹ ಬಲ್ಲವರು ಅರ್ಧಕ್ಕಿಂತ ಕಡಿಮೆ. ರೋಗಿ ತಾನೇ ಓದಿ ಗುರುತು ಹಾಕಲೆಂದು ಮಾಡಿದ ಹಾಳೆ ಇಲ್ಲಿ ಬಾಯಿಮಾತಿನ ಹಾಳೆಯಾಗುತ್ತದೆ. ಅದರಲ್ಲೂ ಯಾವ ಮಾತು? ಲಿಂಗಸುಗೂರಿನ ತಾಂಡಾಗಳಲ್ಲಿ ಲಂಬಾಣಿ, ಸಿಂಧನೂರಿನ ಕಾಲುವೆ ಬದಿಯ ಕ್ಯಾಂಪುಗಳಲ್ಲಿ ತೆಲುಗು, ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಗೆ ಕಟ್ಟಿಕೊಟ್ಟ ಆರ್‌.ಎಚ್‌. ಕ್ಯಾಂಪುಗಳಲ್ಲಿ ಬಂಗಾಳಿ, ಪೇಟೆಯ ಓಣಿಗಳಲ್ಲಿ ದಖನಿ ಉರ್ದು. ಮಿಕ್ಕ ಕಡೆ ಕನ್ನಡವೇ ಆದರೂ ಅದು ಸರ್ಕಾರಿ ಸುತ್ತೋಲೆಯ ಕನ್ನಡವಲ್ಲ. "ಖಿನ್ನತೆಯ ಭಾವನೆ ಉಂಟಾಗಿದೆಯೇ" ಎಂದು ಕೇಳಿದರೆ ಮಸ್ಕಿಯ ಕೂಲಿ ಹೆಂಗಸು ಇಲ್ಲವೆಂದು ತಲೆಯಾಡಿಸಿಯಾಳು. "ಜೀವಕ್ಕ ಬ್ಯಾಸರ ಆಗೇತೇನವ್ವ" ಎಂದರೆ ಮಾತು ಹೊರಬರುತ್ತದೆ.

ಏಳನೆಯ ಪ್ರಶ್ನೆಯನ್ನೇ ನೋಡಿ. ಮನಸ್ಸು ಒಂದೆಡೆ ನಿಲ್ಲುತ್ತದೆಯೇ ಎಂದು ತಿಳಿಯಲು ಅದು ಪೇಪರ್ ಓದುವ, ಟಿವಿ ನೋಡುವ ಉದಾಹರಣೆ ಕೊಡುತ್ತದೆ. ಪೇಪರ್ ಓದದವರಿಗೆ ಅಕ್ಕಿ ಆರಿಸುವುದನ್ನೋ ಕಳೆ ಕೀಳುವುದನ್ನೋ ಕೇಳಬೇಕಾದೀತು. "ಅರ್ಧಕ್ಕಿಂತ ಹೆಚ್ಚು ದಿನ" ಎಂಬ ಉತ್ತರವೂ ಅಷ್ಟು ಸುಲಭವಲ್ಲ. ಎರಡು ಸಂತೆಗಳ ಹಿಂದಿನಿಂದ ಈ ಸಂತೆಯವರೆಗೆ ಎಂದು ಲೆಕ್ಕ ಹಿಡಿಸಿದರೆ ದಿನಗಳು ನೆನಪಿಗೆ ಬರುತ್ತವೆ. ಆದರೆ ಪ್ರತಿ ಕಾರ್ಯಕರ್ತೆಯೂ ತನಗೆ ತೋಚಿದಂತೆ ತಿರುಗಿಸಿ ಕೇಳುತ್ತ ಹೋದರೆ ಒಬ್ಬಳ ಅಂಕ ಇನ್ನೊಬ್ಬಳ ಅಂಕಕ್ಕೆ ಹೊಂದುವುದಿಲ್ಲ. ಆದ್ದರಿಂದ ಊರ ಮಾತಿನ ರೂಪವನ್ನು ಮೊದಲೇ ಪರೀಕ್ಷಿಸಿ, ಒಂದೇ ಬಗೆಯಲ್ಲಿ ಕೇಳುವ ತರಬೇತಿಯನ್ನು ಎಲ್ಲರಿಗೂ ಕೊಡಬೇಕು.

ಅಂಕದ ಬಗ್ಗೆಯೂ ಗೊಂದಲವಿದೆ. 27ಕ್ಕೆ 10 ಬಂದರೆ ರೋಗ ಖಚಿತ ಎಂದುಕೊಳ್ಳುವವರಿದ್ದಾರೆ. ಇದು ಜರಡಿ ಮಾತ್ರ, ತೀರ್ಪು ವೈದ್ಯರದು. ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ಸುಸ್ತು, ನಿದ್ದೆಗೇಡು ಬಂದು ಅಂಕ ಏರಬಹುದು. ಗಡಿಯೂ ಎಲ್ಲೆಡೆ ಒಂದೇ ಅಲ್ಲ: ಅದಿಸ್ ಅಬಾಬಾದ ಆಸ್ಪತ್ರೆಯಲ್ಲಿ 10ರ ಗಡಿ ಹೊಂದಿದರೆ, ಅದೇ ಇಥಿಯೋಪಿಯಾದ ಹಳ್ಳಿ ಆರೋಗ್ಯ ಕೇಂದ್ರಗಳಲ್ಲಿ 5 ಹೆಚ್ಚು ಸರಿಹೊಂದಿತು.

ಜೀವಕ್ಕೇ ಕುತ್ತು ತರುವ ತಪ್ಪು ತಿಳಿವಳಿಕೆ ಒಂಬತ್ತನೆಯ ಪ್ರಶ್ನೆಯದು. ಸತ್ತರೆ ಮೇಲು ಎನಿಸಿದೆಯೇ ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಭಯಕ್ಕೆ ಅದನ್ನು ಹಾರಿಸಿಬಿಡುವವರುಂಟು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೇ ನುಂಗಿಕೊಂಡವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಸಾಲದ, ಬೆಳೆನಷ್ಟದ ಸೀಮೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಬಿಡಕೂಡದು. ಅದಕ್ಕೆ ಹೌದೆಂಬ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅಂದೇ ವೈದ್ಯರಿಗೆ ತಿಳಿಸಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರನ್ನು ಕಾಣಲೆಂದೇ 2014ರಲ್ಲಿ ರಾಜ್ಯ ಸರ್ಕಾರ ಮನೋಚೈತನ್ಯ ಕಾರ್ಯಕ್ರಮ ತಂದಿದೆ. ಮಂಗಳವಾರದವರೆಗೆ ಕಾಯಲಾಗದವರಿಗೆ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416 ಇದೆ. ಹಗಲು ರಾತ್ರಿ ಪುಕ್ಕಟೆಯಾಗಿ, ಕನ್ನಡದಲ್ಲೇ ಮಾತಾಡಬಹುದು.